ಕೇಸ್ ಕ್ವಾಶ್ ಆದ್ಮೇಲೂ ಇಮಿಗ್ರೇಷನ್ ಕೌಂಟರಲ್ಲಿ ಎಲ್‌ಒಸಿ ಅಂತ ತಡೆದ್ರು, ತೆಗೆಸೋದು ಹೇಗೆ?

ಡೊಂಬಿವಲಿ ಅಕ್ಕ

ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ. ನನ್ನ ತಮ್ಮ ಮಸ್ಕತ್ತಲ್ಲಿ ಕೆಲಸಕ್ಕಿರೋದು. ಮದುವೆ ಸರಿ ಹೋಗ್ಲಿಲ್ಲ, ಹುಡುಗಿ ಕಡೆಯವ್ರು ಕರ್ನಾಟಕದಲ್ಲಿರೋ ಊರಲ್ಲಿ 498ಎ (ಗಂಡ, ಅವನ ಮನೆಯವ್ರ ಕಿರುಕುಳ) ಕೇಸ್ ಹಾಕಿದ್ರು, ಇವನು ಅಲ್ಲಿದ್ದಾಗ್ಲೇ ಊರಿನ ಪೊಲೀಸ್ರು ಎಲ್‌ಒಸಿ (ಲುಕ್ ಔಟ್ ಸರ್ಕ್ಯುಲರ್, ಇಮಿಗ್ರೇಷನ್‌ನಲ್ಲಿ ಕಂಡ್ರೆ ತಡೀರಿ ಅನ್ನೋ ಸೂಚನೆ) ಹಾಕ್ಸಿದ್ರಂತೆ, ನಮಗೆ ಅದು ಗೊತ್ತೇ ಇಲ್ಲ. ಇವನು ರಜೆಗೆ ಅಂತ ಬಂದು ಇಳಿದಾಗ ಏರ್‌ಪೋರ್ಟಲ್ಲೇ ಕೂರಿಸ್ಕೊಂಡು ಊರಿನ ಪೊಲೀಸ್ರಿಗೆ ಒಪ್ಪಿಸಿದ್ರು. ಬೇಲ್ ಆಯ್ತು, ಮೀಡಿಯೇಷನ್‌ಗೆ ಹೋಯ್ತು, ಎರಡೂ ಕಡೆ ಹಿರಿಯರು ಕೂತು ಮಾತಾಡಿ ಒಪ್ಪಿಗೆ ಮೇಲೆ ಡಿವೋರ್ಸ್ ಆಯ್ತು, ಹೈಕೋರ್ಟ್ ಕೇಸನ್ನೇ ಕ್ವಾಶ್, ಅಂದ್ರೆ ರದ್ದು, ಮಾಡ್ತು. ಇಬ್ರಿಗೂ ಈಗ ಯಾವ ತಕರಾರೂ ಇಲ್ಲ.

ಇಷ್ಟೆಲ್ಲ ಮುಗಿಸ್ಕೊಂಡು ವಾಪಸ್ ಹೊರಟ, ಚೆಕ್ ಇನ್ ಆಯ್ತು, ಬ್ಯಾಗ್ ಹೋಯ್ತು, ಇಮಿಗ್ರೇಷನ್ ಕೌಂಟರಲ್ಲಿ ಪಾಸ್‌ಪೋರ್ಟ್ ತಗೊಂಡವ್ರು ಸ್ಕ್ರೀನ್ ನೋಡಿ ಸುಮ್ನೆ ಎದ್ದು ಒಳಗೆ ಹೋದ್ರಂತೆ. ಆಮೇಲೆ ಒಂದು ರೂಮಲ್ಲಿ ಕೂರ್ಸಿದ್ರು. ಇವನ ಕೈಲಿ ಹೈಕೋರ್ಟ್ ಆರ್ಡರ್ ಕಾಪಿ ಇತ್ತು, ಆ ಆಫೀಸರ್ ಅದನ್ನ ಪೂರ್ತಿ ಓದಿ "ಆರ್ಡರ್ ಸರಿ ಇದೆ, ಆದ್ರೆ ನಮ್ಮ ಸಿಸ್ಟಮ್‌ಗೆ ಡಿಲೀಷನ್ ಬಂದಿಲ್ಲ, ಬಿಡೋಕೆ ಆಗಲ್ಲ" ಅಂದ್ರಂತೆ. ಮರ್ಯಾದೆಯಿಂದಾನೇ ಮಾತಾಡ್ಸಿದ್ರು, ಆ ಬಗ್ಗೆ ದೂರಿಲ್ಲ. ಆದ್ರೆ ವಿಮಾನ ಹೋಯ್ತು, ಬ್ಯಾಗ್ ಇಳಿಸಿ ಕೊಟ್ರು, ಟಿಕೆಟ್ ದುಡ್ಡು ಹೋಯ್ತು. ಊರಿನ ಠಾಣೆಗೆ ಫೋನ್ ಮಾಡಿದ್ರೆ "ನಾವು ಕಳ್ಸಿ ಆಗಿದೆ, ಅವ್ರನ್ನ ಕೇಳಿ" ಅಂತಾರೆ. ಒಮಾನ್ ವೀಸಾ ಆರು ತಿಂಗಳು ಹೊರಗಿದ್ರೆ ಹೋಗ್ಬಿಡುತ್ತೆ, ಆ ಗಡುವು ಹತ್ತಿರ ಬಂತು. ಯಾರ ಹತ್ರ ಹೋಗ್ಬೇಕು ಅಂತಾನೇ ತಿಳೀತಿಲ್ಲ. ಕೋರ್ಟೇ ಬಿಟ್ಟ ಮೇಲೆ ಇನ್ನು ಯಾರು ಹಿಡ್ಕೊಂಡಿರೋದು ಇವನನ್ನ?

ಘಾಟ್‌ಕೋಪರ್ ಹೋಟೆಲ್

ಅಕ್ಕ, ಒಳಗೆ ಯಾರಾದ್ರೂ ಪರಿಚಯದವ್ರು ಇದ್ರೆ ನೋಡಿ. ನಮ್ಮ ಕಡೆಯವ್ರು ತುಂಬಾ ಜನ ಡಿಪಾರ್ಟ್‌ಮೆಂಟಲ್ಲಿ ಇದ್ದಾರೆ, ಒಂದು ಮಾತು ಹೇಳ್ಸಿದ್ರೆ ಬಿಡ್ತಾರೆ. ಇಲ್ಲ ಅಂದ್ರೆ ಹೊಸ ಪಾಸ್‌ಪೋರ್ಟ್ ಮಾಡ್ಸಿ, ನಂಬರ್ ಬದ್ಲಾದ್ರೆ ಬರಲ್ಲ ಅಂತ ಒಬ್ರು ಹೇಳಿದ್ರು.

ಮೀರಾ ರೋಡ್ ರಿಟೈರ್ಡ್

ಶೆಟ್ರೆ, ಬೇಜಾರಾಗ್ಬೇಡಿ, ಈ ಎರಡೂ ಸಲಹೆ ಯಾರೂ ಪಾಲಿಸ್ಬೇಡಿ. ನಾನು ಏರ್‌ಪೋರ್ಟ್ ಇಮಿಗ್ರೇಷನ್ ಡ್ಯೂಟಿ ವರ್ಷಗಟ್ಟಲೆ ಮಾಡಿ ರಿಟೈರ್ ಆದೋನು. ಕೌಂಟರಲ್ಲಿ ಕೂತೋನು ಎಲ್‌ಒಸಿ ಹಿಟ್ ಆದ, ಅಂದ್ರೆ ಪಟ್ಟೀಲಿ ಹೆಸರು ಬಂದ, ಪ್ಯಾಸೆಂಜರನ್ನ ಮಾತಿಗೆ ಕಟ್ಟುಬಿದ್ದು ಬಿಟ್ರೆ ಅವನ ಕೆಲಸ ಹೋಗುತ್ತೆ, ಕೇಸೂ ಆಗುತ್ತೆ, ಯಾಕಂದ್ರೆ ಯಾವ ಕೌಂಟರಲ್ಲಿ, ಯಾರ ಲಾಗಿನ್‌ನಲ್ಲಿ, ಎಷ್ಟು ಗಂಟೆಗೆ ಕ್ಲಿಯರ್ ಆಯ್ತು ಅನ್ನೋದೆಲ್ಲ ದಾಖಲಾಗಿರುತ್ತೆ. ಹೊಸ ಪಾಸ್‌ಪೋರ್ಟ್ ಮಾತು ಇನ್ನೂ ಕೆಟ್ಟದ್ದು. ಎಲ್‌ಒಸಿ ಬರೀ ಪಾಸ್‌ಪೋರ್ಟ್ ನಂಬರ್ ಮೇಲೆ ನಿಂತಿರಲ್ಲ, ಹೆಸರು, ತಂದೆ ಹೆಸರು, ಹುಟ್ಟಿದ ತಾರೀಕು ಇವೆಲ್ಲ ಇರ್ತವೆ. ನಿಜ ಮುಚ್ಚಿಟ್ಟು ಪಾಸ್‌ಪೋರ್ಟ್ ತಗೊಂಡ್ರೆ ಪಾಸ್‌ಪೋರ್ಟ್ ಕಾಯ್ದೆಯ 12ನೇ ಸೆಕ್ಷನ್ ಬಂದು ಕೂರುತ್ತೆ, ಮುಗಿದಿರೋ ಕೇಸಿನ ಜಾಗಕ್ಕೆ ಹೊಸ ಕೇಸ್.

ತಂಗಿ, ಈಗ ನಿಮ್ಮ ವಿಷಯ. ಮೊದ್ಲು ಒಂದು ಗೊತ್ತಿರ್ಲಿ. ಏರ್‌ಪೋರ್ಟಲ್ಲಿ ನಿಮ್ಮ ತಮ್ಮ ನಾಲ್ಕು ಬೇರೆ ಬೇರೆ ಇಲಾಖೆ ಮುಂದೆ ನಿಲ್ತಾನೆ. ಚೆಕ್ ಇನ್ ಏರ್‌ಲೈನ್‌ದು, ತಪಾಸಣೆ ಸಿಐಎಸ್‌ಎಫ್‌ದು, ಸಾಮಾನು ಕಸ್ಟಮ್ಸ್‌ದು, ಸ್ಟ್ಯಾಂಪ್ ಹಾಕೋರು ಮಾತ್ರ ಬ್ಯೂರೊ ಆಫ್ ಇಮಿಗ್ರೇಷನ್, ಅದು ಕೇಂದ್ರ ಗೃಹ ಇಲಾಖೆ ಕೆಳಗೆ. ಜನ ಎಲ್ರನ್ನೂ ಸೇರಿಸಿ "ಏರ್‌ಪೋರ್ಟ್‌ನವ್ರು" ಅಂತಾರೆ, ಅದಕ್ಕೇ ಅರ್ಜಿ ತಪ್ಪು ಬಾಗಿಲಿಗೆ ಹೋಗೋದು.

ಎಲ್‌ಒಸಿ ಇಮಿಗ್ರೇಷನ್‌ನವ್ರು ತಾವಾಗೇ ಹುಟ್ಟಿಸೋದಲ್ಲ. ಯಾವುದಾದ್ರೂ ಏಜೆನ್ಸಿ ಕೇಳ್ಬೇಕು. ಜಿಲ್ಲೆ ಪೊಲೀಸ್ ಆದ್ರೆ ಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ ಒಪ್ಪಿಗೆ ಬೇಕು. ಠಾಣೆಯ ಐಒ, ಅಂದ್ರೆ ತನಿಖಾಧಿಕಾರಿ, ಬರೀತಾನೆ, ಎಸ್‌ಪಿ ಸಹಿ ಆಗುತ್ತೆ, ಅದು ದೆಹಲಿ ಆರ್.ಕೆ.ಪುರಂ ಈಸ್ಟ್ ಬ್ಲಾಕ್ 8ರಲ್ಲಿರೋ ಬ್ಯೂರೊ ಆಫೀಸಿಗೆ ಹೋಗುತ್ತೆ, ಅಲ್ಲಿಂದ ದೇಶದ ಎಲ್ಲಾ ಚೆಕ್‌ಪೋಸ್ಟಿಗೂ ಬರುತ್ತೆ, ಏರ್‌ಪೋರ್ಟು, ಬಂದರು, ಗಡಿ ರಸ್ತೆ ಎಲ್ಲಾ. ಹಂಗೆ ಕೇಳಿದೋರನ್ನ ನಾವು ಒರಿಜಿನೇಟರ್ ಅಂತೀವಿ. ಫಾರ್ಮಲ್ಲಿ ಒಂದು ಕಾಲಂ ಇರುತ್ತೆ, ಸಿಕ್ಕಿದ್ರೆ ಏನ್ ಮಾಡ್ಬೇಕು ಅಂತ. ಹಿಡಿದು ಪೊಲೀಸಿಗೆ ಒಪ್ಪಿಸಿ ಅಂತ ಇರ್ಬಹುದು, ದೇಶ ಬಿಡೋಕೆ ಬಿಡ್ಬೇಡಿ ಅಂತ ಇರ್ಬಹುದು, ಬರೀ ಬಂದದ್ದು ಹೋದದ್ದು ತಿಳಿಸಿ ಅಂತಾನೂ ಇರ್ಬಹುದು. ಒರಿಜಿನೇಟರ್ ಫೋನ್ ನಂಬರ್ ಜೊತೆ ಕಂಟ್ರೋಲ್ ರೂಮ್ ನಂಬರೂ ಕೊಡ್ಬೇಕು, ರಾತ್ರಿ ಹಿಟ್ ಆದ್ರೂ ಯಾರಾದ್ರೂ ಎತ್ಲಿ ಅಂತ.

ಕೌಂಟರ್ ಆಫೀಸರ್ ಪಾಸ್‌ಪೋರ್ಟಿನ ಕೆಳಗಿನ ಎರಡು ಸಾಲು ಓದಿಸ್ತಾನೆ, ಹಿಟ್ ಬಂದ್ರೆ ಪ್ಯಾಸೆಂಜರ್ ಹತ್ರ ಚರ್ಚೆ ಮಾಡಲ್ಲ, ಪಾಸ್‌ಪೋರ್ಟ್ ತಗೊಂಡು ಮೇಲಿನವ್ರ ಹತ್ರ ಹೋಗ್ತಾನೆ. ಅವ್ರು ಹೆಸರು, ತಾರೀಕು ಹೊಂದುತ್ತಾ ನೋಡಿ ಒರಿಜಿನೇಟರ್‌ಗೆ ಫೋನ್ ಹಚ್ತಾರೆ. ನಿಮ್ಮ ತಮ್ಮಂಗೆ ಆಗಿದ್ದೂ ಅದೇ. ಕೋರ್ಟ್ ಆರ್ಡರ್ ನಿಜಾನೋ ಸುಳ್ಳೋ, ಅದ್ರ ಮೇಲೆ ಮತ್ತೇನಾದ್ರೂ ಆರ್ಡರ್ ಬಂದಿದ್ಯೋ ಅನ್ನೋದನ್ನ ರಾತ್ರಿ ಎರಡು ಗಂಟೆಗೆ ಕೌಂಟರಲ್ಲಿ ತೀರ್ಮಾನ ಮಾಡೋ ಅಧಿಕಾರ ಅವನಿಗಿಲ್ಲ.

ಮುಖ್ಯವಾದ್ದು ಇದು. 2010ರ ಅಕ್ಟೋಬರಲ್ಲಿ ಗೃಹ ಇಲಾಖೆ ನಿಯಮ ಮಾಡ್ದಾಗ ಎಲ್‌ಒಸಿಗೆ ಒಂದು ವರ್ಷ ಅಂತ ಆಯುಷ್ಯ ಇತ್ತು, ಮುಂದುವರಿಸಿ ಅಂತ ಕೇಳ್ದೇ ಇದ್ರೆ ತಾನಾಗೇ ಬೀಳೋದು. ಈಗ ನಡೀತಿರೋದು 2021 ಫೆಬ್ರವರಿ 22ರ ಮಾರ್ಗಸೂಚಿ. ಅದ್ರಲ್ಲಿ ಒರಿಜಿನೇಟರ್ ತೆಗೀರಿ ಅಂತ ಬರೆಯೋ ತನಕ ಎಲ್‌ಒಸಿ ಹಂಗೇ ಇರುತ್ತೆ, ತಾನಾಗಿ ಯಾವುದೂ ಡಿಲೀಟ್ ಆಗಲ್ಲ. ಅದ್ರ ಜೊತೆಗೇ, ಹಾಕ್ಸಿದ ಇಲಾಖೆ ಮೂರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ತಮ್ಮ ಪಟ್ಟಿ ನೋಡಿ ಬೇಡದ್ದನ್ನ ತೆಗೆಸ್ಬೇಕು ಅಂತಾನೂ ಬರ್ದಿದೆ. ಮೊದಲನೇದು ಕಟ್ಟುನಿಟ್ಟಾಗಿ ನಡೀತಿದೆ, ಎರಡನೇದು ನಡೀತಿಲ್ಲ. ನಿಮ್ಮ ತಮ್ಮನ್ನ ಹಿಡ್ಕೊಂಡಿರೋದು ಕೋರ್ಟೂ ಅಲ್ಲ, ಕೌಂಟರೂ ಅಲ್ಲ. ಒಂದು ಜಿಲ್ಲಾ ಆಫೀಸಿಂದ ಹೊರಡ್ಬೇಕಾಗಿದ್ದ ಒಂದು ಪತ್ರ.

ಹಂಗಾಗಿ ಠಾಣೆಗೆ ಫೋನ್ ಮಾಡೋದು ನಿಲ್ಸಿ. ಎಸ್‌ಪಿ ಆಫೀಸಿಗೆ ಯಾರಾದ್ರೂ ಖುದ್ದಾಗಿ ಹೋಗಿ. ಆರ್ಡರಿನ ಸರ್ಟಿಫೈಡ್ ಕಾಪಿ, ಪಾಸ್‌ಪೋರ್ಟ್ ಜೆರಾಕ್ಸ್, ಕ್ರೈಮ್ ನಂಬರ್ ಬರೆದ ಅರ್ಜಿ ಕೊಟ್ಟು ಟಪಾಲಲ್ಲಿ ಸೀಲ್ ಹಾಕ್ಸ್ಕೊಳ್ಳಿ. ಬ್ಯೂರೊಗೆ ಯಾವ ತಾರೀಕು, ಯಾವ ಡಿಸ್ಪ್ಯಾಚ್ ನಂಬರಲ್ಲಿ ಪತ್ರ ಹೋಗಿದೆ ಅಂತ ಕೇಳಿ. "ಕಳ್ಸಿದ್ದೀವಿ" ಅನ್ನೋ ಮಾತಿಗೆ ಡಿಸ್ಪ್ಯಾಚ್ ನಂಬರ್ ಇಲ್ದಿದ್ರೆ ಕಳ್ಸಿಲ್ಲ ಅಂತಲೇ ಲೆಕ್ಕ.

ಘಾಟ್‌ಕೋಪರ್ ಹೋಟೆಲ್

ಸರಿ ಸರ್, ಪಾಸ್‌ಪೋರ್ಟ್ ವಿಷಯ ನನಗೆ ಬೇರೆಯವ್ರು ಹೇಳಿದ್ದು. ತಿಳಿಸಿದ್ದಕ್ಕೆ ಥ್ಯಾಂಕ್ಸ್.

ಶಿವಾಜಿನಗರ ವಕೀಲ

ಪುಣೆಯಿಂದ. ಮೀರಾ ರೋಡ್ ಸರ್ ಹೇಳಿದ್ದು ನೂರಕ್ಕೆ ನೂರು ಸರಿ, ಕಾನೂನಿನ ಕಡೆಯಿಂದ ನಾನು ಸ್ವಲ್ಪ ಸೇರಿಸ್ತೀನಿ.

ವಿದೇಶಕ್ಕೆ ಹೋಗೋದು ಸರ್ಕಾರ ದಯೆ ತೋರಿಸಿ ಕೊಡೋದಲ್ಲ. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಕೇಸಲ್ಲಿ ಸುಪ್ರೀಂ ಕೋರ್ಟ್ ಅದು ಸಂವಿಧಾನದ 21ನೇ ವಿಧಿಯ ಹಕ್ಕು ಅಂತು, ಆ ತೀರ್ಪು ಬಂದ ಮೇಲೇನೇ ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. 1978ರಲ್ಲಿ ಮೇನಕಾ ಗಾಂಧಿ ಕೇಸಲ್ಲಿ ಇನ್ನೂ ಮುಂದೆ ಹೋಗಿ, ತಡೆಯೋ ವಿಧಾನ ನ್ಯಾಯವಾಗಿರ್ಬೇಕು, ಮನಸ್ಸಿಗೆ ಬಂದ ಹಾಗೆ ಇರಬಾರ್ದು ಅಂದ್ರು. ಹಂಗಾಗಿ ನಿಮ್ಮ ತಮ್ಮ ಬೇಡಿಕೊಳ್ಳೋ ಜಾಗದಲ್ಲಿ ಇಲ್ಲ, ಕೇಳೋ ಜಾಗದಲ್ಲಿದ್ದಾರೆ, ಅರ್ಜಿ ಬರೆಯೋವಾಗ ಭಾಷೆ ಹಾಗೇ ಇರ್ಲಿ.

ಎಲ್‌ಒಸಿ ಯಾವಾಗ ಹಾಕ್ಬೇಕು ಅನ್ನೋದಕ್ಕೆ ಈಗ್ಲೂ ಎಲ್ರೂ ಎತ್ತೋದು 2010ರ ದೆಹಲಿ ಹೈಕೋರ್ಟಿನ ಸುಮೇರ್ ಸಿಂಗ್ ಸಲ್ಕನ್ ತೀರ್ಪು. ಅರೆಸ್ಟ್ ತಪ್ಪಿಸ್ಕೊಂಡು ಓಡಾಡ್ತಿರೋ, ವಾರಂಟ್ ಬಂದ್ರೂ ಕೋರ್ಟಿಗೆ ಬರ್ದೇ ಇರೋ ಆರೋಪಿ ಮೇಲೆ, ಕಾಗ್ನಿಜೆಬಲ್ (ಪೊಲೀಸ್ರು ವಾರಂಟ್ ಇಲ್ದೇ ಅರೆಸ್ಟ್ ಮಾಡಬಹುದಾದ) ಅಪರಾಧದಲ್ಲಿ. ತೆಗೆಯೋದು ಹೇಗೆ ಅಂತಾನೂ ಅದ್ರಲ್ಲೇ ಇದೆ, ಹಾಕ್ಸಿದ ಅಧಿಕಾರಿ ಹಿಂದೆ ತಗೋಬಹುದು, ಇಲ್ಲ ಕೇಸಿರೋ ಕೋರ್ಟ್ ರದ್ದು ಮಾಡ್ಬಹುದು. ನಿಮ್ಮಲ್ಲಿ ಕೇಸೇ ಇಲ್ಲ ಈಗ, ಹಾಗಾಗಿ ಎಸ್‌ಪಿ ಆಫೀಸು ಸುಮ್ನಿದ್ರೆ ಹೈಕೋರ್ಟಲ್ಲಿ ರಿಟ್ ಹಾಕೋದು ಸರಿಯಾದ ದಾರಿ. ಊರು ಕರ್ನಾಟಕ ಅಂದ್ರಿ, ಹಾಕ್ಸಿದ್ದು ಅಲ್ಲಿ, ಹಾಗಾಗಿ ಕರ್ನಾಟಕ ಹೈಕೋರ್ಟ್, ಜಿಲ್ಲೆ ಮೇಲೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ. ಬ್ಯೂರೊ ಆಫ್ ಇಮಿಗ್ರೇಷನ್ನನ್ನ ಕಡ್ಡಾಯ ಪಾರ್ಟಿ ಮಾಡಿ.

ಇದನ್ನ ಓದ್ತಿರೋ ಬೇರೆಯವ್ರಿಗೂ ಒಂದು ಮಾತು: ಕ್ವಾಶ್ ಪಿಟಿಷನ್ ಹಾಕೋವಾಗ್ಲೇ ಪ್ರಾರ್ಥನೇಲಿ "ಎಲ್‌ಒಸಿ ಇದ್ರೆ ಅದನ್ನ ಹಿಂಪಡೆಯಲು ನಿರ್ದೇಶಿಸಿ" ಅಂತ ಒಂದು ಸಾಲು ಹಾಕ್ಸಿ. ವಿದೇಶದಲ್ಲಿ ಕೆಲಸ ಇರೋ ಕಕ್ಷಿದಾರ ಅಂದ್ರೆ ವಕೀಲ್ರೇ ಕೇಳ್ಬೇಕು ಇದನ್ನ, ಎಷ್ಟೋ ಜನ ಕೇಳಲ್ಲ, ಡಿವೋರ್ಸ್ ಆಯ್ತು ಕ್ವಾಶ್ ಆಯ್ತು ಫೈಲ್ ಮುಚ್ಚಿದ್ರು ಅಷ್ಟೇ. ಆ ಒಂದು ಸಾಲು ಆರ್ಡರಲ್ಲಿ ಇದ್ರೆ ಎಸ್‌ಪಿ ಆಫೀಸಲ್ಲಿ ಮಾತೇ ಬೇರೆ ಆಗುತ್ತೆ.

ಆಫ್‌ಲೋಡ್ ಆದದ್ದಕ್ಕೆ, ಅಂದ್ರೆ ವಿಮಾನ ಹತ್ತೋಕೆ ಬಿಡದೆ ವಾಪಸ್ ಕಳಿಸಿದ್ದಕ್ಕೆ, ಸಾಕ್ಷಿ ಇಟ್ಕೊಂಡಿದ್ದೀರಾ?

ಡೊಂಬಿವಲಿ ಅಕ್ಕ

ಬೋರ್ಡಿಂಗ್ ಪಾಸ್ ಇದೆ ಸರ್. ಪಾಸ್‌ಪೋರ್ಟಲ್ಲಿ ಹೊರಡೋ ಸ್ಟ್ಯಾಂಪ್ ಒತ್ತಿ ಅದ್ರ ಮೇಲೆ ಅಡ್ಡಕ್ಕೆ ಕ್ಯಾನ್ಸಲ್ಡ್ ಅಂತ ಇನ್ನೊಂದು ಸ್ಟ್ಯಾಂಪ್ ಹಾಕಿದ್ದಾರೆ. ಪಾಸ್‌ಪೋರ್ಟ್ ಕೈಗೆ ವಾಪಸ್ ಕೊಟ್ರು. ಏರ್‌ಲೈನ್‌ನವ್ರು ನೋ ಶೋ ಅಂತ ಹಾಕಿದ್ದಾರೆ, ಅದಕ್ಕೇ ರಿಫಂಡ್ ಇಲ್ಲ ಅಂತಾರೆ.

ಶಿವಾಜಿನಗರ ವಕೀಲ

ಆ ಕ್ಯಾನ್ಸಲ್ಡ್ ಸ್ಟ್ಯಾಂಪೇ ನಿಮ್ಮ ದಾಖಲೆ, ಆ ಪುಟ ಬಣ್ಣದ ಜೆರಾಕ್ಸ್ ಮಾಡಿ ಅರ್ಜಿಗೆ ಲಗತ್ತಿಸಿ. ನೋ ಶೋ ಬೇರೆ, ಆಫ್‌ಲೋಡ್ ಬೇರೆ. ಇಮಿಗ್ರೇಷನ್‌ನಲ್ಲಿ ತಡೆದು ಬ್ಯಾಗ್ ಇಳಿಸಿದ್ದಾರೆ ಅಂತ ಏರ್‌ಲೈನ್‌ನಿಂದ ಮೇಲ್‌ನಲ್ಲಾದ್ರೂ ಬರೆಸ್ಕೊಳ್ಳಿ, ಅಲ್ಲಿ ಮಸ್ಕತ್ತಲ್ಲಿ ಮಾಲೀಕರಿಗೆ ತೋರಿಸೋಕೂ ಬೇಕಾಗುತ್ತೆ. ಪಾಸ್‌ಪೋರ್ಟ್ ವಾಪಸ್ ಕೊಟ್ಟಿದ್ದು ಸರಿಯಾಗೇ ಇದೆ. ಪಾಸ್‌ಪೋರ್ಟನ್ನ ಜಪ್ತಿ ಹೆಸರಲ್ಲಿ ಕಾಯಂ ಇಟ್ಕೊಳ್ಳೋಕೆ ಪೊಲೀಸ್ರಿಗೂ ಬರಲ್ಲ, ಇಂಪೌಂಡ್ ಮಾಡೋ ಅಧಿಕಾರ ಪಾಸ್‌ಪೋರ್ಟ್ ಅಧಿಕಾರಿಗೆ ಮಾತ್ರ, ಪಾಸ್‌ಪೋರ್ಟ್ ಕಾಯ್ದೆಯ 10(3) ಸೆಕ್ಷನ್ನಲ್ಲಿ. ಇದು 2008ರಲ್ಲಿ ಸುರೇಶ್ ನಂದಾ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು.

ಮುಲುಂಡ್ ಪೂರ್ವ

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಅಕ್ಕ ತಪ್ಪು ತಿಳ್ಕೋಬೇಡಿ. ನಿಮ್ಮ ತಮ್ಮನ ಕೇಸ್ ಇತ್ಯರ್ಥ ಆಗಿದೆ, ಅವರನ್ನ ಬಿಡ್ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಇಲ್ಲಿ ಎಲ್ರೂ ಎಲ್‌ಒಸಿನೇ ಕೆಟ್ಟದ್ದು ಅನ್ನೋ ಹಾಗೆ ಬರೀತಿದ್ದಾರೆ. ನನ್ನ ಚಿಕ್ಕಮ್ಮನ ಮಗಳ ಗಂಡ ಮದುವೆ ಆಗಿ ಒಡವೆ ತಗೊಂಡು ಹೊರದೇಶಕ್ಕೆ ಹೋದೋನು ಫೋನೇ ಎತ್ತಲಿಲ್ಲ. ಸಮನ್ಸ್ ವಾಪಸ್ ಬಂತು, ವಾರಂಟ್ ವಾಪಸ್ ಬಂತು. ಅವಳು ಪ್ರತಿ ತಾರೀಕಿಗೆ ರಜೆ ಹಾಕಿ ಕೋರ್ಟಿಗೆ ಹೋಗಿ ಬರೋದು, ಆ ಕಡೆ ಖಾಲಿ ಕುರ್ಚಿ. ಕೊನೆಗೆ ಎಲ್‌ಒಸಿ ಹಾಕ್ಸಿದ್ಮೇಲೆ ಅವನು ಅಣ್ಣನ ಮದುವೆಗೆ ಅಂತ ಬಂದಾಗ ಸಿಕ್ಕಿದ, ಆಮೇಲೇನೇ ಕೋರ್ಟಲ್ಲಿ ಮುಖ ತೋರ್ಸಿದ್ದು, ಜೀವನಾಂಶದ ಮಾತು ಶುರುವಾದದ್ದು. ಅವಳ ಹತ್ರ ಇದ್ದ ಅಸ್ತ್ರ ಅದೊಂದೇ.

ಸಡಿಲ ಬಿಟ್ರೆ ಏನಾಗುತ್ತೆ ಅಂತ ವಿಜಯ್ ಮಲ್ಯ ಕೇಸಲ್ಲಿ ನೋಡಿದ್ದೀವಲ್ಲ. 2015 ಅಕ್ಟೋಬರಲ್ಲಿ ಹಿಡೀರಿ ಅಂತ ಇದ್ದ ಎಲ್‌ಒಸಿನ ಮುಂದಿನ ತಿಂಗಳೇ ಬರೀ ತಿಳಿಸಿ ಅಂತ ಬದಲಾಯಿಸಿದ್ರು, 2016 ಮಾರ್ಚ್ 2ಕ್ಕೆ ದೆಹಲಿಯಿಂದ ಹೋಗೇ ಬಿಟ್ರು. ಒಂದು ಕಾಲಂ ಬದ್ಲಾಗಿದ್ದಕ್ಕೆ. ಕಿಂಗ್‌ಫಿಷರ್‌ನಲ್ಲಿ ಸಂಬಳ ಬಾಕಿ ಉಳಿದೋರು ನಮ್ಮ ಬಿಲ್ಡಿಂಗಲ್ಲೇ ಇದ್ರು.

ಮೀರಾ ರೋಡ್ ರಿಟೈರ್ಡ್

ತಂಗಿ, ನಿಮ್ಮ ಮಾತು ಒಪ್ಪಿದೆ. ಓಡಿ ಹೋಗೋರನ್ನ ಹಿಡಿಯೋಕೆ ಅದು ಬೇಕೇ ಬೇಕು, ಹೆಣ್ಮಕ್ಕಳ ಕೇಸಲ್ಲಿ ಅದ್ರಿಂದ ಎಷ್ಟು ಉಪಕಾರ ಆಗಿದೆ ಅಂತ ನಾನು ಕೌಂಟರ್ ಆಚೆಯಿಂದ ಕಣ್ಣಾರೆ ನೋಡಿದ್ದೀನಿ. ನನ್ನ ಸಂಕಟ ಏನಂದ್ರೆ ಹಾಕೋವಾಗ ಇರೋ ಆತುರ ತೆಗೆಯೋವಾಗ ಇಲ್ಲ. ಹಾಕೋ ಪತ್ರ ಅದೇ ದಿನ ಮೇಲ್ ಆಗುತ್ತೆ. ತೆಗೆಯೋ ಪತ್ರಕ್ಕೆ ಯಾರೂ ಜವಾಬ್ದಾರಿ ಇಲ್ಲ, ಐಒ ವರ್ಗ ಆಗಿರ್ತಾನೆ, ಹೊಸಬನಿಗೆ ಆ ಫೈಲ್ ಗೊತ್ತಿರಲ್ಲ. ಬೇಡದ ಹೆಸರು ಪಟ್ಟಿಲಿ ತುಂಬಿದಷ್ಟೂ ನಿಜವಾಗಿ ಹಿಡಿಯಬೇಕಾದೋನ ಮೇಲೆ ಕೌಂಟರಲ್ಲಿ ಗಮನ ಕಮ್ಮಿ ಆಗುತ್ತೆ, ಪ್ರತಿ ಹಿಟ್‌ಗೂ ಒಬ್ಬ ಆಫೀಸರ್ ಎದ್ದು ಹೋಗ್ಬೇಕು, ಹಿಂದೆ ಕ್ಯೂ ನಿಂತಿರುತ್ತೆ. ಪಟ್ಟಿ ಚೊಕ್ಕಟ ಇಡೋದು ನಿಮ್ಮ ಚಿಕ್ಕಮ್ಮನ ಮಗಳಂಥವ್ರಿಗೂ ಬೇಕಾದ್ದೇ.

ಶಿವಾಜಿನಗರ ವಕೀಲ

ಮಲ್ಯ ವಿಷಯ ಬಂದದ್ದಕ್ಕೆ ಹೇಳ್ತೀನಿ, ಮುಂಬಯಿಯವ್ರಿಗೆ ಇದು ಉಪಯೋಗ ಆಗುತ್ತೆ. ಅದಾದ ಮೇಲೆ 2018ರಲ್ಲಿ ಸರ್ಕಾರಿ ಬ್ಯಾಂಕುಗಳ ಅಧ್ಯಕ್ಷರು, ಎಂಡಿಗಳಿಗೂ ಎಲ್‌ಒಸಿ ಕೇಳೋ ಅಧಿಕಾರ ಕೊಟ್ರು. ದೊಡ್ಡೋರನ್ನ ಹಿಡೀತೀವಿ ಅಂತ ತಂದದ್ದು, ಸಣ್ಣಪುಟ್ಟ ಕಂಪನಿ ಸಾಲಕ್ಕೆ ಜಾಮೀನು ಹಾಕಿದೋರನ್ನೂ ಏರ್‌ಪೋರ್ಟಲ್ಲಿ ನಿಲ್ಸೋಕೆ ಶುರುವಾಯ್ತು. 2024 ಏಪ್ರಿಲ್ 23ಕ್ಕೆ ಬಾಂಬೆ ಹೈಕೋರ್ಟ್, ನ್ಯಾಯಮೂರ್ತಿ ಗೌತಮ್ ಪಟೇಲ್ ಮತ್ತು ಮಾಧವ್ ಜಾಮದಾರ್ ಅವರ ಪೀಠ, ಬ್ಯಾಂಕುಗಳಿಗೆ ಕೊಟ್ಟ ಆ ಅಧಿಕಾರವನ್ನ ರದ್ದು ಮಾಡ್ತು. ಸಾಲ ಕೊಟ್ಟೋನೇ ಸಾಲಗಾರನ ಓಡಾಟದ ಹಕ್ಕನ್ನ ಒಂದು ಪತ್ರದಲ್ಲಿ ಕಸ್ಕೊಳ್ಳೋದು, ಅದೂ ಖಾಸಗಿ ಬ್ಯಾಂಕಿಗೆ ಇಲ್ಲದ್ದು ಸರ್ಕಾರಿ ಬ್ಯಾಂಕಿಗೆ ಮಾತ್ರ, ಇದು ನಿಲ್ಲಲ್ಲ ಅಂತ. ಆದ್ರೆ ಕ್ರಿಮಿನಲ್ ಕೋರ್ಟೋ ಟ್ರಿಬ್ಯುನಲ್ಲೋ ಹೋಗ್ಬೇಡ ಅಂತ ಆರ್ಡರ್ ಮಾಡಿದ್ರೆ ಅದಕ್ಕೆ ಈ ತೀರ್ಪು ಅಡ್ಡ ಬರಲ್ಲ ಅಂತಾನೂ ಹೇಳಿದ್ದಾರೆ, ಅದನ್ನ ಮರೆತು ಟಿಕೆಟ್ ಬುಕ್ ಮಾಡ್ಬೇಡಿ.

ವಾಸ್ಕೊ ಬಾಗಲಕೋಟಿ

ನಮಸ್ಕಾರ್ರೀ ಎಲ್ಲಾರಿಗೂ, ಗೋವಾದಿಂದ. ನಮ್ಮ ಕಾಕಾನ ಮಗಾ ಹತ್ತನೇತ್ತಾ ಪಾಸ್ ಆಗಿಲ್ರೀ, ಪಾಸ್‌ಪೋರ್ಟನ್ಯಾಗ ಇಸಿಆರ್ ಅಂತ ಐತಿ. ಏಜೆಂಟಾ ದುಬೈಕ ವಿಸಿಟ್ ವೀಸಾ ಮ್ಯಾಲೆ ಕಳಸ್ತೀನಿ, ಅಲ್ಲಿ ಹೋಗಿಂದ ಕೆಲಸದ ವೀಸಾ ಮಾಡ್ಸೋಣು ಅಂದ. ಮುಂಬೈದಾಗ ಇಮಿಗ್ರೇಷನ್ನವ್ರು ಹೋಟೆಲ್ ಬುಕಿಂಗ್ ಎಲ್ಲೈತಿ, ರೊಕ್ಕ ಎಷ್ಟ್ ಒಯ್ಯಾಕತ್ತಿ, ಯಾಕ ಹೊಂಟಿ ಅಂತ ಕೇಳಿದ್ರಂತ, ಇಂವಾ ಅಂಜಿ ಒಂದಕ್ಕೊಂದು ಹೇಳ್ಯಾನ, ತಿರುಗಿ ಕಳಿಸ್ಯಾರ. ಇದೂ ಎಲ್‌ಒಸಿನ ಏನ್ರೀ? ಏಜೆಂಟಾ ಎಪ್ಪತ್ತ ಸಾವಿರ ತಗೊಂಡಾನ, ಈಗ ಮತ್ತ ಇಪ್ಪತ್ತ ಕೊಡು, ಬ್ಯಾರೆ ಏರ್‌ಪೋರ್ಟಿನಿಂದ ಸೆಟ್ಟಿಂಗ್ ಮಾಡ್ತೀನಿ ಅನ್ನಾಕತ್ತಾನ.

ಮೀರಾ ರೋಡ್ ರಿಟೈರ್ಡ್

ತಮ್ಮಾ, ಇದು ಎಲ್‌ಒಸಿ ಅಲ್ಲ. ಇನ್ನೊಂದು ರೂಪಾಯಿನೂ ಆ ಏಜೆಂಟಿಗೆ ಕೊಡ್ಬೇಡಿ.

ಇಸಿಆರ್ ಪಾಸ್‌ಪೋರ್ಟ್ ಇರೋರು ಕೆಲಸಕ್ಕೆ ಅಂತ 18 ದೇಶಕ್ಕೆ ಹೋಗ್ಬೇಕಾದ್ರೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು, 1983ರ ಎಮಿಗ್ರೇಷನ್ ಕಾಯ್ದೆ. ಗಲ್ಫ್ ಆರೂ ಅದ್ರಲ್ಲಿ ಬರ್ತವೆ, ಮಲೇಷಿಯಾ, ಥಾಯ್ಲೆಂಡ್, ಇರಾಕ್, ಲಿಬಿಯಾನೂ ಇವೆ. ಕೊಡೋರು ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್, ಇ-ಮೈಗ್ರೇಟ್ ಅನ್ನೋ ಸರ್ಕಾರಿ ವೆಬ್‌ಸೈಟಲ್ಲಿ ಆಗುತ್ತೆ. ನಿಜವಾಗಿ ನೋಡೋಕೆ, ತಿರುಗೋಕೆ ಹೋಗೋರಿಗೆ ಅದು ಬೇಡ. ಅದಕ್ಕೇ ಕೌಂಟರಲ್ಲಿ ಕೇಳೋದು, ಈ ಹುಡುಗ ತಿರುಗೋಕೆ ಹೋಗ್ತಿದಾನೋ, ವಿಸಿಟ್ ಅಂತ ಹೇಳಿ ಕೆಲಸಕ್ಕೆ ಕಳಿಸ್ತಿದಾರೋ ಅಂತ. ಕೈಲಿ ಹೋಟೆಲ್ ಬುಕಿಂಗ್ ಇಲ್ಲ, ದುಡ್ಡಿಲ್ಲ, ವಾಪಸ್ ಟಿಕೆಟ್ ನಂಬರ್ ಹಾಕಿ ನೋಡಿದ್ರೆ ಡಮ್ಮಿ, ಯಾರನ್ನ ನೋಡೋಕೆ ಅಂದ್ರೆ ಏಜೆಂಟ್ ಹೇಳಿಕೊಟ್ಟ ಹೆಸರು. ಇಂಥ ಮುಖ ದೂರದಿಂದಲೇ ಗೊತ್ತಾಗೋದು ನಮಗೆ. ತಡೆದ್ರೆ ಆ ಹೊತ್ತಿಗೆ ಅಳ್ತಾರೆ, ಬಯ್ತಾರೆ. ಬಿಟ್ರೆ ಅಲ್ಲಿ ಹೋಗಿ ವಿಸಿಟ್ ಮುಗಿದು ಪಾಸ್‌ಪೋರ್ಟ್ ಇನ್ನೊಬ್ಬನ ಡ್ರಾಯರಲ್ಲಿ, ಸಂಬಳ ಇಲ್ಲ, ಕಂಪ್ಲೇಂಟ್ ಕೊಡೋಕೂ ಇಲ್ಲ ಯಾಕಂದ್ರೆ ಕಾಗದದ ಪ್ರಕಾರ ಅವನು ಕೆಲಸಗಾರನೇ ಅಲ್ಲ.

ಸರಿಯಾದ ದಾರೀಲಿ ಹೋದ್ರೆ ರಿಜಿಸ್ಟರ್ಡ್ ಏಜೆಂಟ್ 30,000 ಮತ್ತು ಜಿಎಸ್‌ಟಿಗಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ, ರಸೀದಿ ಕೊಡ್ಬೇಕು. ಕಾಂಟ್ರ್ಯಾಕ್ಟ್ ಮೊದಲೇ ಇ-ಮೈಗ್ರೇಟಲ್ಲಿ ಕಾಣುತ್ತೆ. ಪ್ರವಾಸಿ ಭಾರತೀಯ ಬಿಮಾ ಯೋಜನೆ ಅಂತ ವಿಮೆ ಇದೆ, ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಅಪಘಾತದಲ್ಲಿ ಸತ್ರೆ 10 ಲಕ್ಷ ಮನೆಗೆ ಬರುತ್ತೆ. ವಿಸಿಟ್ ವೀಸಾದಲ್ಲಿ ಹೋದೋನಿಗೆ ಇದ್ಯಾವುದೂ ಇಲ್ಲ. ಏಜೆಂಟ್ ರಿಜಿಸ್ಟರ್ಡಾ ಅಲ್ವಾ ಅಂತ ಇ-ಮೈಗ್ರೇಟ್ ಪಟ್ಟೀಲೇ ನೋಡಿ, ಇಲ್ದಿದ್ರೆ ದುಡ್ಡು ಕೊಟ್ಟ ದಾಖಲೆ ಸಮೇತ ಪೊಲೀಸಿಗೆ ದೂರು ಕೊಡಿ.

ವಾಸ್ಕೊ ಬಾಗಲಕೋಟಿ

ಭಾಳ ಉಪಕಾರ ಆತ್ರೀ ಸರ್. ಫೋನ್‌ಪೇ ದಾಖಲೆ ಐತ್ರೀ. ಈಗಿಂದೀಗ ಅವರ ಅಪ್ಪಗ ಹೇಳ್ತೀನಿ.

ಹಡಪ್ಸರ್ ಅಜ್ಜಿ

ಎಲ್ರೂ ಇಷ್ಟು ಚೆನ್ನಾಗಿ ಹೇಳ್ತಿದ್ದೀರಿ ಅಂತ ನಾನೂ ಕೇಳ್ತೀನಪ್ಪ. ಮಗ ಸೊಸೆ ಅಮೆರಿಕದಲ್ಲಿದ್ದಾರೆ, ನಾನು ನಮ್ಮ ಮನೆಯವ್ರು ಬಾಣಂತನಕ್ಕೆ ಹೋಗ್ಬೇಕು, ವೀಸಾ ಹತ್ತು ವರ್ಷದ್ದಿದೆ. ಈಗ ಟಿವೀಲಿ ಅಲ್ಲಿನ ಆಫೀಸರ್‌ಗಳು ಮನೆಗೆ ಬಂದು ಹಿಡ್ಕೊಂಡು ಹೋಗೋದು ನೋಡಿ ಹೆದರಿಕೆ ಆಗುತ್ತೆ. ಏರ್‌ಪೋರ್ಟಲ್ಲಿ ಫೋನ್ ಕೂಡ ತೆಗೆದು ನೋಡ್ತಾರಂತೆ, ಹೌದಾ?

ಶಿವಾಜಿನಗರ ವಕೀಲ

ಅಮ್ಮ, ನೀವು ನೋಡೋದು ಎರಡು ಬೇರೆ ಇಲಾಖೆ. ಇಳಿದಾಗ ಸಿಗೋರು ಸಿಬಿಪಿ, ಅಂದ್ರೆ ಗಡಿ, ಕಸ್ಟಮ್ಸ್ ನೋಡೋರು. ಟಿವೀಲಿ ಬರೋರು ಹೆಚ್ಚಾಗಿ ಐಸ್ (ICE), ಅಂದ್ರೆ ದೇಶದೊಳಗೆ ವಲಸೆ ಕಾನೂನು ಜಾರಿ ಮಾಡೋರು. ಎರಡೂ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಅನ್ನೋ ಇಲಾಖೆ ಕೆಳಗೆ, 2003ರಲ್ಲಿ ಸೇರಿಸಿದ್ದು.

ವೀಸಾ ಹತ್ತು ವರ್ಷ ಅಂದ್ರೆ ಬಾಗಿಲ ತನಕ ಹೋಗೋಕೆ ಹತ್ತು ವರ್ಷ. ಒಳಗೆ ಎಷ್ಟು ದಿನ ಇರ್ಬಹುದು ಅಂತ ಹೇಳೋದು ಆ ಸಿಬಿಪಿ ಆಫೀಸರ್, ಅದು ಐ-94 ಅನ್ನೋ ದಾಖಲೇಲಿ ಬರುತ್ತೆ, ಸಾಮಾನ್ಯವಾಗಿ ಆರು ತಿಂಗಳು. ಇಳಿದ ಮೇಲೆ ಮಗನ ಹತ್ರ ಆನ್‌ಲೈನಲ್ಲಿ ಐ-94 ತೆಗೆಸಿ ತಾರೀಕು ನೋಡಿ, ಅದನ್ನ ಮೀರಬೇಡಿ. ಕೌಂಟರಲ್ಲಿ ಉತ್ತರ ಸಾಲದೆ ಇದ್ರೆ ಸೆಕೆಂಡರಿ ಅಂತ ಇನ್ನೊಂದು ರೂಮಿಗೆ ಕಳಿಸ್ತಾರೆ, ಅದು ಅರೆಸ್ಟ್ ಅಲ್ಲ, ಹೆದರಬೇಡಿ. ಭಾಷೆ ತೊಡಕಾದ್ರೆ ಕನ್ನಡ ದುಭಾಷಿ ಬೇಕು ಅಂತ ಕೇಳಿ, ಅರ್ಥ ಆಗ್ದೇ ಎಸ್ ಎಸ್ ಅನ್ಬೇಡಿ. ಬಾಣಂತನ ವಿಷಯದಲ್ಲಿ ಒಂದು ಎಚ್ಚರ: ಮಗ ಸೊಸೆ ಜೊತೆ ಇದ್ದು ನೋಡಿ ಬರ್ತೀವಿ ಅನ್ನಿ, ಅದೇ ನಿಜ ತಾನೇ. ಕೆಲವರು ಮಗು ನೋಡ್ಕೊಳ್ಳೋಕೆ ಬಂದಿದ್ದೀವಿ ಅಂತ ಹೇಳಿ, ಆಯಾ ಕೆಲಸಕ್ಕೆ ಬಂದ ಹಾಗೆ ಕೇಳಿಸಿ, ಗಂಟೆಗಟ್ಟಲೆ ಪ್ರಶ್ನೆ ಎದುರಿಸಿದ್ದಾರೆ. ಸುಳ್ಳು ಮಾತ್ರ ಬೇಡ. ಸುಳ್ಳು ಹೇಳಿದ್ರಿ ಅಂತ ಅನ್ನಿಸಿದ್ರೆ ಜಡ್ಜ್ ಮುಂದೆ ಹೋಗದೇನೇ ಅಲ್ಲಿಂದಲೇ ವಾಪಸ್ ಕಳಿಸೋ ಅಧಿಕಾರ ಆ ಆಫೀಸರಿಗಿದೆ, ಎಕ್ಸ್‌ಪಿಡೈಟೆಡ್ ರಿಮೂವಲ್ ಅಂತ. ಹಾಗೆ ಕಳಿಸಿದ್ರೆ ಕಡಿಮೆ ಅಂದ್ರೂ 5 ವರ್ಷ ಹೋಗೋ ಹಾಗಿಲ್ಲ.

ಫೋನ್ ನೋಡ್ಬಹುದು, ವಾರಂಟ್ ಬೇಕಿಲ್ಲ. 2018 ಜನವರಿಯ ಅವರದೇ ನಿಯಮ ಇದೆ, ಕೈಯಲ್ಲಿ ತಿರುವಿ ನೋಡೋದು ಒಂದು, ಯಂತ್ರಕ್ಕೆ ಜೋಡಿಸಿ ಪೂರ್ತಿ ತೆಗೆಯೋದು ಇನ್ನೊಂದು. ಎರಡನೇದಕ್ಕೆ ಸಕಾರಣ ಸಂಶಯ ಅಥವಾ ದೇಶದ ಭದ್ರತೆಯ ಕಾರಣ ಬೇಕು, ಮೇಲಿನವರ ಒಪ್ಪಿಗೆನೂ ಬೇಕು.

ಮನೆಗೆ ಬರೋ ವಿಷಯ ಮಗನಿಗೂ ಹೇಳಿ. ಐಸ್‌ನವ್ರ ಹತ್ರ ಸಾಮಾನ್ಯವಾಗಿ ಇರೋದು ಐ-200, ಐ-205 ಅನ್ನೋ ಅಡ್ಮಿನಿಸ್ಟ್ರೇಟಿವ್ ವಾರಂಟ್. ಅದಕ್ಕೆ ಸಹಿ ಮಾಡೋದು ಅದೇ ಇಲಾಖೆಯ ಅಧಿಕಾರಿ, ಕೋರ್ಟಿನ ಜಡ್ಜ್ ಅಲ್ಲ. ಕೋರ್ಟಿನ ವಾರಂಟಿಗೂ ಅದಕ್ಕೂ ತುಂಬಾ ವ್ಯತ್ಯಾಸ ಇದೆ, ಹಾಗಾಗಿ ಕಾಗದದ ಮೇಲೆ ಯಾರ ಸಹಿ ಅಂತ ಬಾಗಿಲು ತೆಗೆಯೋ ಮುಂಚೆ ನೋಡೋದು ಮುಖ್ಯ. ನೀವು ಸರಿಯಾದ ದಾಖಲೆ ಇಟ್ಕೊಂಡು ತಾರೀಕಿನೊಳಗೆ ಇರೋರು, ನೆಮ್ಮದಿಯಿಂದ ಹೋಗಿ ಬನ್ನಿ.

ಹಡಪ್ಸರ್ ಅಜ್ಜಿ

ದೇವರು ಒಳ್ಳೇದು ಮಾಡ್ಲಿ ನಿಮಗೆ. ಮಗನಿಗೆ ಇದನ್ನೇ ಕಳಿಸಿದೆ.

ಡೊಂಬಿವಲಿ ಅಕ್ಕ

ನಮ್ಮ ವಿಷಯ ಸ್ವಲ್ಪ ಮುಂದೆ ಹೋಯ್ತು. ದೊಡ್ಡಪ್ಪನ ಮಗ ಊರಲ್ಲಿ ಎಸ್‌ಪಿ ಆಫೀಸಿಗೆ ಹೋಗಿದ್ದ. ರಿಟೈರ್ಡ್ ಸರ್ ಹೇಳಿದ ಹಾಗೆ ಡಿಸ್ಪ್ಯಾಚ್ ನಂಬರ್ ಕೇಳಿದ್ರೆ ಅಲ್ಲಿ ಅಂಥ ಪತ್ರವೇ ಬಂದಿಲ್ಲ. ಠಾಣೆಯಿಂದ ಡಿವೈಎಸ್‌ಪಿ ಆಫೀಸಿಗೆ ಬಂದು ಅಲ್ಲೇ ಕೂತಿತ್ತು, ಆರ್ಡರಿನ ಸರ್ಟಿಫೈಡ್ ಕಾಪಿ ಲಗತ್ತಿಸಿಲ್ಲ ಅನ್ನೋ ಕಾರಣಕ್ಕೆ. ಆ ಮಾತನ್ನ ಯಾರೂ ನಮಗೆ ಹೇಳಿರ್ಲಿಲ್ಲ, ಹೇಳಿದ್ರೆ ಆವತ್ತೇ ಕೊಡ್ತಿದ್ವಿ. ಈಗ ಕಾಪಿ ಕೊಟ್ಟು, ಎಸ್‌ಪಿ ಸಹಿ ಆಗಿ, ಬ್ಯೂರೊಗೆ ಮೇಲ್ ಹೋಗಿದೆ, ನಂಬರ್ ಬರ್ಕೊಂಡಿದ್ದೀವಿ. ಸಿಸ್ಟಮ್‌ನಿಂದ ಹೋಯ್ತೋ ಇಲ್ವೋ ಅಂತ ಟಿಕೆಟ್ ತೆಗೆಯೋ ಮುಂಚೆ ತಿಳ್ಕೊಳ್ಳೋಕೆ ಆಗುತ್ತಾ ಸರ್? ಆರ್‌ಟಿಐ ಹಾಕ್ಲಾ?

ಮೀರಾ ರೋಡ್ ರಿಟೈರ್ಡ್

ಬ್ಯೂರೊಗೆ ಆರ್‌ಟಿಐ ಹಾಕಿದ್ರೆ ಉತ್ತರ ಸಿಗೋದು ಕಷ್ಟ, ಅದು ಐಬಿ (ಕೇಂದ್ರ ಗುಪ್ತಚರ ಇಲಾಖೆ) ಜೊತೆ ಇರೋದು, ಐಬಿ ಆರ್‌ಟಿಐ ಕಾಯ್ದೆಯ ಎರಡನೇ ಶೆಡ್ಯೂಲ್‌ನಲ್ಲಿದೆ, ಅಂದ್ರೆ ಅದಕ್ಕೆ ವಿನಾಯಿತಿ ಇದೆ. ನಿಮ್ಮ ಉತ್ತರ ಎಸ್‌ಪಿ ಆಫೀಸಲ್ಲೇ ಸಿಗ್ಬೇಕು. ಡಿಲೀಷನ್ ಆದದ್ದಕ್ಕೆ ಬ್ಯೂರೊ ಕಡೆಯಿಂದ ಅವರಿಗೆ ಉತ್ತರ ಬಂದಿದ್ಯಾ ಕೇಳಿ, ಬಂದಿದ್ರೆ ಅದ್ರ ಕಾಪಿ, ಇಲ್ಲದಿದ್ರೆ ಕಳಿಸಿದ ಪತ್ರದ ಕಾಪಿಗೆ ಸೀಲ್ ಹಾಕ್ಸಿ ತಗೊಳ್ಳಿ. ಹೊರಡೋ ದಿನ ಪತ್ರ, ಆರ್ಡರ್, ಎಸ್‌ಪಿ ಕಂಟ್ರೋಲ್ ರೂಮ್ ನಂಬರ್ ಮೂರೂ ಕೈಲಿರ್ಲಿ. ಯಾವಾಗ್ಲೂ ಹೋಗೋದಕ್ಕಿಂತ ಬೇಗ ಹೋಗಿ, ಕ್ಯೂಗೆ ನಿಲ್ಲೋ ಮುಂಚೆ ಡ್ಯೂಟಿ ಆಫೀಸರನ್ನ ಭೇಟಿ ಮಾಡಿ ಹೀಗಿದೆ ಅಂತ ಹೇಳಿ. ಆಗ ಫೋನ್ ಮಾಡಿ ಖಾತ್ರಿ ಮಾಡ್ಕೊಳ್ಳೋಕೆ ಅವರಿಗೂ ಹೊತ್ತು ಸಿಗುತ್ತೆ. ರೀಫಂಡ್ ಬರೋ ಟಿಕೆಟೇ ತೆಗೀರಿ ಈ ಸಲ.

ಕಲ್ಯಾಣ್ ಪಶ್ಚಿಮ

ಸರ್ ನಂದೂ ಒಂದು. ನಮ್ಮ ಭಾವನ ಹೆಸರೇ ಇರೋ ಇನ್ನೊಬ್ಬನ ಮೇಲೆ ಎಲ್‌ಒಸಿ ಇದ್ಯಂತೆ, ಪ್ರತಿ ಸಲ ಭಾವನ್ನ ಪಕ್ಕಕ್ಕೆ ನಿಲ್ಸಿ ಆಮೇಲೆ ಬಿಡ್ತಾರೆ. ಇದಕ್ಕೇನು ಮಾಡೋದು?

ಮೀರಾ ರೋಡ್ ರಿಟೈರ್ಡ್

ಹಾಕೋವಾಗ ಹೆಸರು, ತಂದೆ ಹೆಸರು, ಪಾಸ್‌ಪೋರ್ಟ್ ನಂಬರ್ ಅಥವಾ ಹುಟ್ಟಿದ ತಾರೀಕು ಅಂತ ಕನಿಷ್ಠ ಮೂರು ಗುರುತು ಇರ್ಬೇಕು ಅನ್ನೋ ನಿಯಮವೇ ಇದೆ, ಇಂಥ ಗೋಜಲು ಆಗ್ಬಾರ್ದು ಅಂತಾನೇ. ಹಳೇ ಎಲ್‌ಒಸಿಗಳಲ್ಲಿ ಪಾಸ್‌ಪೋರ್ಟ್ ನಂಬರ್ ಇಲ್ದೇ ಇದ್ರೆ ಹೀಗೆ ಸಿಕ್ಕಿಹಾಕ್ಕೊಳ್ತಾರೆ. ಮುಂದಿನ ಸಲ ನಿಲ್ಸಿದಾಗ ಯಾವ ರಾಜ್ಯದ, ಯಾವ ಏಜೆನ್ಸಿಯ ಎಲ್‌ಒಸಿ ಅಂತ ವಿನಯವಾಗಿ ಕೇಳಿ, ಅಷ್ಟು ಹೇಳ್ತಾರೆ ಸಾಮಾನ್ಯವಾಗಿ. ಗೊತ್ತಾದ್ರೆ ಆ ಒರಿಜಿನೇಟರ್‌ಗೆ ಭಾವನ ತಂದೆ ಹೆಸರು, ಹುಟ್ಟಿದ ತಾರೀಕು, ಪಾಸ್‌ಪೋರ್ಟ್ ಮೊದಲ ಮತ್ತು ಕೊನೆ ಪುಟ ಲಗತ್ತಿಸಿ, ಇವನು ನಿಮ್ಮ ಆರೋಪಿ ಅಲ್ಲ, ನಿಮ್ಮ ಎಲ್‌ಒಸಿಗೆ ಪೂರ್ತಿ ಗುರುತು ಸೇರಿಸಿ ಅಂತ ಅರ್ಜಿ ಕೊಡಿ, ಅದೇ ಅರ್ಜಿಯ ಪ್ರತಿ ಬ್ಯೂರೊಗೂ ಹಾಕಿ. ಅಲ್ಲಿ ತನಕ ಭಾವನಿಗೆ ಹಳೇ ಪಾಸ್‌ಪೋರ್ಟೂ ಜೊತೇಲಿ ಇಟ್ಕೊಳ್ಳೋಕೆ ಹೇಳಿ, ಹಿಂದೆ ಹೋಗಿ ಬಂದ ಸ್ಟ್ಯಾಂಪ್ ನೋಡಿದ್ರೆ ಡ್ಯೂಟಿ ಆಫೀಸರ್ ಬೇಗ ಬಿಡ್ತಾನೆ.